ಹವಾಮಾನ ಹಣಕಾಸು: ಲೆಕ್ಕದಲ್ಲಿ ನೂರು ಬಿಲಿಯನ್, ಕೈಗೆ ಬಂದದ್ದೆಷ್ಟು?

2022ರ ಮಳೆಗಾಲದಲ್ಲಿ ಪಾಕಿಸ್ತಾನದ ಸಿಂಧ್ ಮತ್ತು ಬಲೂಚಿಸ್ತಾನದ ಎಷ್ಟೋ ಊರುಗಳು ತಿಂಗಳುಗಟ್ಟಲೆ ನೀರಿನಲ್ಲೇ ನಿಂತಿದ್ದವು. 1,700ಕ್ಕೂ ಹೆಚ್ಚು ಜನ ಸತ್ತರು. 3.3 ಕೋಟಿ ಜನರ ಬದುಕು ಅಡಿಮೇಲಾಯಿತು. ಹೊಲದಲ್ಲಿದ್ದ ಹತ್ತಿ ಕೊಳೆತುಹೋಯಿತು, ಜಾನುವಾರು ಕೊಚ್ಚಿಹೋದವು. ಆಮೇಲೆ ಅಲ್ಲಿನ ಸರ್ಕಾರ, ವಿಶ್ವಬ್ಯಾಂಕ್, ವಿಶ್ವಸಂಸ್ಥೆ ಎಲ್ಲ ಸೇರಿ ಲೆಕ್ಕ ಹಾಕಿದಾಗ ಒಟ್ಟು ಹಾನಿ ಮತ್ತು ನಷ್ಟ 30 ಬಿಲಿಯನ್ ಡಾಲರ್ ದಾಟಿತು. ಒಂದು ಬಿಲಿಯನ್ ಅಂದರೆ 100 ಕೋಟಿ.

2023ರ ಜನವರಿಯಲ್ಲಿ ಜಿನೀವಾದಲ್ಲಿ ದಾನಿಗಳ ಸಭೆ ಸೇರಿತು. 9 ಬಿಲಿಯನ್ ಡಾಲರಿಗೂ ಜಾಸ್ತಿ ನೆರವಿನ ಭರವಸೆ ಸಿಕ್ಕಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆಮೇಲೆ ಪಾಕಿಸ್ತಾನದ ಆಗಿನ ಹಣಕಾಸು ಸಚಿವ ಇಶಾಕ್ ದಾರ್ ಪತ್ರಕರ್ತರ ಮುಂದೆ ವಿವರ ಬಿಚ್ಚಿಟ್ಟರು. ಅದರಲ್ಲಿ ಹೆಚ್ಚುಕಡಿಮೆ ಶೇ. 90 ಸಾಲ. ಮೂರು ವರ್ಷಗಳಲ್ಲಿ ಕಂತು ಕಂತಾಗಿ ಬರುವ ಯೋಜನಾ ಸಾಲ. ಆಗಲೇ ವಿದೇಶಿ ಸಾಲದ ಬಡ್ಡಿ ಕಟ್ಟಲಾಗದೆ ಒದ್ದಾಡುತ್ತಿದ್ದ ದೇಶ ಅದು. ಭೂಮಿಯನ್ನು ಬಿಸಿ ಮಾಡುವ ಹಸಿರುಮನೆ ಅನಿಲದಲ್ಲಿ ಅದರ ಪಾಲು ಶೇ. 1ಕ್ಕಿಂತ ಕಡಿಮೆ.

ಹವಾಮಾನ ಬದಲಾವಣೆ ಎದುರಿಸಲು ಶ್ರೀಮಂತ ದೇಶಗಳು ಬಡ ದೇಶಗಳಿಗೆ ಕೊಡಬೇಕಾದ ಹಣಕ್ಕೆ ಹವಾಮಾನ ಹಣಕಾಸು ಅನ್ನುತ್ತಾರೆ. ಅದರ ಇಡೀ ಜಗಳ ಈ ಒಂದು ಪ್ರಕರಣದಲ್ಲೇ ಇದೆ. ನಾವು ಸುದ್ದಿಯಲ್ಲಿ ಓದುವುದು "ಎಷ್ಟು ಬಿಲಿಯನ್" ಅಂತ ಮಾತ್ರ. ಆ ಹಣ ಯಾವ ರೂಪದಲ್ಲಿ ಬರುತ್ತದೆ, ಅದನ್ನು ಎಣಿಸುವವರು ಯಾರು, ವಾಪಸ್ ಕಟ್ಟಬೇಕಾದವರು ಯಾರು ಎಂಬುದು ಸುದ್ದಿಯಲ್ಲಿ ಇರುವುದೇ ಅಪರೂಪ. ನನ್ನ ಪ್ರಕಾರ ಮುಖ್ಯವಾದದ್ದು ಅದೇ.

ಮೊದಲು, ಶ್ರೀಮಂತ ದೇಶಗಳು ಹಣ ಯಾಕೆ ಕೊಡಬೇಕು? ಇಂಗಾಲದ ಡೈಆಕ್ಸೈಡ್ ಒಮ್ಮೆ ಮೇಲೆ ಹೋದರೆ ಶತಮಾನಗಳ ಕಾಲ ಅಲ್ಲೇ ಇರುತ್ತದೆ. ಹಾಗಾಗಿ ಇವತ್ತಿನ ಬಿಸಿಗೆ ಇವತ್ತಿನ ಹೊಗೆ ಮಾತ್ರ ಕಾರಣವಲ್ಲ. ನೂರೈವತ್ತು ವರ್ಷಗಳ ಹೊಗೆ ಕಾರಣ. ಇಲ್ಲಿಯವರೆಗೆ ಸೇರಿದ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದರದ್ದೇ. ಜಗತ್ತಿನ ಆರನೇ ಒಂದು ಭಾಗಕ್ಕೂ ಹೆಚ್ಚು ಜನರಿರುವ ಭಾರತದ ಪಾಲು ಶೇ. 3ರ ಆಸುಪಾಸು. ಮೇಲಿನ ಗದ್ದೆಯವನು ಏರಿ ಒಡೆದು ನೀರು ನುಗ್ಗಿಸಿ, ಕೆಳಗಿನ ಗದ್ದೆಯವನ ಬೆಳೆ ಹಾಳು ಮಾಡಿ, ಆಮೇಲೆ "ಬೀಜಕ್ಕೆ ದುಡ್ಡು ಬೇಕಾ? ಬಡ್ಡಿಗೆ ಕೊಡ್ತೀನಿ" ಅಂದರೆ ನಮ್ಮ ಊರಿನ ಯಾವ ಪಂಚಾಯ್ತಿಯೂ ಒಪ್ಪುವುದಿಲ್ಲ, ಅಲ್ವಾ?

1992ರಲ್ಲಿ ರಿಯೊದಲ್ಲಿ ದೇಶಗಳು ಸಹಿ ಹಾಕಿದ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದ ಈ ನ್ಯಾಯವನ್ನೇ ಬರೆದಿಟ್ಟಿತು. ಹೊಣೆ ಎಲ್ಲರದ್ದು, ಆದರೆ ಎಲ್ಲರದ್ದೂ ಒಂದೇ ಅಳತೆಯದ್ದಲ್ಲ. ಮುಂದುವರಿದ ದೇಶಗಳು ಅಭಿವೃದ್ಧಿಶೀಲ ದೇಶಗಳಿಗೆ "ಹೊಸ ಮತ್ತು ಹೆಚ್ಚುವರಿ" ಹಣ ಕೊಡಬೇಕು ಎಂದು ಒಪ್ಪಂದದ 4ನೇ ವಿಧಿ ಹೇಳುತ್ತದೆ. ಅಂದರೆ ಶಾಲೆ, ಆಸ್ಪತ್ರೆಗೆ ಮೊದಲಿಂದ ಕೊಡುತ್ತಿದ್ದ ನೆರವನ್ನೇ ಹೆಸರು ಬದಲಿಸಿ ಕೊಡುವಂತಿಲ್ಲ. ಕೊಡಬೇಕಾದವರ ಪಟ್ಟಿಯೂ ಅದರಲ್ಲೇ ಇದೆ: ಅಮೆರಿಕ, ಪಶ್ಚಿಮ ಯುರೋಪಿನ ದೇಶಗಳು, ಜಪಾನ್, ಕೆನಡಾ, ಆಸ್ಟ್ರೇಲಿಯಾ ಇತ್ಯಾದಿ. ಆದರೆ ಯಾರು ಎಷ್ಟು ಕೊಡಬೇಕು, ಕೊಡದಿದ್ದರೆ ಏನಾಗುತ್ತದೆ ಎಂದು ಮಾತ್ರ ಎಲ್ಲೂ ಬರೆಯಲಿಲ್ಲ.

ಈ ಹಣಕ್ಕೆ ಮೂರು ಕೆಲಸ. ಒಂದು, ಹೊಗೆ ಕಡಿಮೆ ಮಾಡುವುದು: ಸೋಲಾರ್, ಗಾಳಿ ವಿದ್ಯುತ್, ಮೆಟ್ರೊ. ಎರಡು, ಆಗಲೇ ಬಂದುಬಿಟ್ಟಿರುವ ಬದಲಾವಣೆಗೆ ತಯಾರಾಗುವುದು: ತಡೆಗೋಡೆ, ಬರ ತಾಳುವ ಬೆಳೆ, ಚಂಡಮಾರುತದ ಮುನ್ಸೂಚನೆ. ಇದನ್ನು ಹೊಂದಾಣಿಕೆ ಅನ್ನುತ್ತಾರೆ. ಮೂರು, ಏನು ಮಾಡಿದರೂ ತಪ್ಪಿಸಲಾಗದ ನಷ್ಟವನ್ನು ತುಂಬಿಕೊಡುವುದು. ಮೊದಲನೆಯದಕ್ಕೆ ಹಣ ಸುಲಭವಾಗಿ ಸಿಗುತ್ತದೆ. ಎರಡನೆಯದಕ್ಕೆ ಕಷ್ಟ. ಮೂರನೆಯದಕ್ಕೆ ಮೂವತ್ತು ವರ್ಷ ಜಗಳ ಆಡಬೇಕಾಯಿತು.

2009ರ ಡಿಸೆಂಬರಿನಲ್ಲಿ ಕೋಪನ್‌ಹೇಗನ್ ಹವಾಮಾನ ಸಮ್ಮೇಳನ ಮುರಿದುಬೀಳುವ ಹಂತದಲ್ಲಿದ್ದಾಗ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಹಿಲರಿ ಕ್ಲಿಂಟನ್ ಒಂದು ಸಂಖ್ಯೆ ಮುಂದಿಟ್ಟರು. 2020ರ ಹೊತ್ತಿಗೆ ಶ್ರೀಮಂತ ದೇಶಗಳೆಲ್ಲ ಸೇರಿ ವರ್ಷಕ್ಕೆ 100 ಬಿಲಿಯನ್ ಡಾಲರ್ ಒದಗಿಸಲು ಕೈಜೋಡಿಸುತ್ತೇವೆ ಎಂದರು. ಬಡ ದೇಶಗಳಿಗೆ ನಿಜಕ್ಕೂ ಎಷ್ಟು ಬೇಕು ಎಂದು ಲೆಕ್ಕ ಹಾಕಿ ಬಂದ ಸಂಖ್ಯೆಯಲ್ಲ ಅದು. ಸಮ್ಮೇಳನ ಉಳಿಸಲು ಹುಟ್ಟಿದ ರಾಜಕೀಯ ಸಂಖ್ಯೆ. ಹಣ ಸರ್ಕಾರದ್ದು ಇರಬಹುದು, ಖಾಸಗಿಯವರದ್ದೂ ಇರಬಹುದು ಎಂದು ಒಪ್ಪಂದವೇ ಹೇಳಿತು. ಸಾಲವಾದರೆ ಎಷ್ಟನ್ನು ಎಣಿಸಬೇಕು ಎಂದು ಹೇಳಲಿಲ್ಲ. ಮುಂದಿನ ಹದಿನೈದು ವರ್ಷದ ತಕರಾರಿಗೆಲ್ಲ ದಾರಿ ಆಗಿದ್ದು ಇಲ್ಲಿಯೇ.

ಲೆಕ್ಕ ಬರೆಯುವ ಕೆಲಸ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಗೆ ಹೋಯಿತು. 2014ರಲ್ಲಿ 62 ಬಿಲಿಯನ್ ಡಾಲರ್ ಸಂದಾಯವಾಗಿದೆ ಎಂದು ಅದು 2015ರಲ್ಲಿ, ಪ್ಯಾರಿಸ್ ಸಮ್ಮೇಳನಕ್ಕೆ ಸ್ವಲ್ಪ ಮುಂಚೆ, ಹೇಳಿತು. ಭಾರತದ ಹಣಕಾಸು ಸಚಿವಾಲಯ ಸುಮ್ನೆ ಕೂರಲಿಲ್ಲ. ವಿಶೇಷ ಹವಾಮಾನ ನಿಧಿಗಳಿಂದ ನಿಜವಾಗಿ ಬಿಡುಗಡೆಯಾದದ್ದು ಕೇವಲ 2.2 ಬಿಲಿಯನ್, ನಂಬಬಹುದಾದ ಅಂಕಿ ಅದೊಂದೇ ಎಂದು ಟಿಪ್ಪಣಿ ಹೊರಡಿಸಿತು. 62 ಎಲ್ಲಿ, 2.2 ಎಲ್ಲಿ! ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಎಣಿಸುವ ನಿಯಮ ಬೇರೆ ಬೇರೆ, ಅಷ್ಟೇ. ಒಬ್ಬರು ಕೊಡುತ್ತೇವೆ ಎಂದು ಸಹಿ ಹಾಕಿದ್ದನ್ನೂ ಸೇರಿಸಿದರು, ಇನ್ನೊಬ್ಬರು ಕೈಗೆ ಬಂದದ್ದನ್ನು ಮಾತ್ರ ಎಣಿಸಿದರು.

ಒಇಸಿಡಿ ಲೆಕ್ಕವನ್ನೇ ಒಪ್ಪಿದರೂ ಮಾತು ಉಳಿಯಲಿಲ್ಲ. 2020ರಲ್ಲಿ ತಲುಪಿದ್ದು 83.3 ಬಿಲಿಯನ್. 2021ರಲ್ಲಿ 89.6. ಕೊನೆಗೆ 2022ರಲ್ಲಿ, ಎರಡು ವರ್ಷ ತಡವಾಗಿ, 115.9. ಈ ಕೊನೆಯ ಸಂಖ್ಯೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಅದರಲ್ಲಿ ಸುಮಾರು 22 ಬಿಲಿಯನ್ ಖಾಸಗಿ ಬಂಡವಾಳ. ಸರ್ಕಾರಗಳು ಮತ್ತು ಅಭಿವೃದ್ಧಿ ಬ್ಯಾಂಕುಗಳ ಕಡೆಯಿಂದ ಬಂದ ಸಾರ್ವಜನಿಕ ಹಣದಲ್ಲಿ ಶೇ. 69 ಸಾಲ. ಅನುದಾನ, ಅಂದರೆ ವಾಪಸ್ ಕೊಡಬೇಕಿಲ್ಲದ ಹಣ, ಶೇ. 28.

ಸಾಲವನ್ನು ಎಣಿಸುವ ರೀತಿ ಹೇಗಿದೆ ನೋಡಿ. 100 ರೂಪಾಯಿ ಸಾಲ ಕೊಟ್ಟರೆ ಲೆಕ್ಕದಲ್ಲಿ 100 ರೂಪಾಯಿ ನೆರವು ಎಂದೇ ಬರೆಯುತ್ತಾರೆ. ಸಾಲ ಪಡೆದ ದೇಶ ಅಸಲು, ಬಡ್ಡಿ ಎರಡನ್ನೂ ತೀರಿಸಿದಾಗ ಆ ಮೊತ್ತವನ್ನು ಎಲ್ಲೂ ಕಳೆಯುವುದಿಲ್ಲ. ಸರಿಯಾದ ಲೆಕ್ಕ ಅಂದರೆ, ಮಾರುಕಟ್ಟೆ ಬಡ್ಡಿಗೆ ಹೋಲಿಸಿದರೆ ಎಷ್ಟು ಉಳಿತಾಯವಾಯಿತೋ ಅಷ್ಟನ್ನು ಮಾತ್ರ ನೆರವು ಎನ್ನಬೇಕು. ಆಕ್ಸ್‌ಫ್ಯಾಮ್ ಎಂಬ ಬಡತನ ವಿರೋಧಿ ಸಂಸ್ಥೆ ಹಾಗೆ ಎಣಿಸಿ, ಹವಾಮಾನಕ್ಕೆ ನಿಜವಾಗಿ ಸಂಬಂಧಿಸಿದ ಭಾಗವನ್ನಷ್ಟೇ ಇಟ್ಟುಕೊಂಡಾಗ, 2022ರ ಆ 116 ಬಿಲಿಯನ್ನಿನ ನಿಜವಾದ ಬೆಲೆ 28ರಿಂದ 35 ಬಿಲಿಯನ್ ಎಂದು ಅಂದಾಜು ಮಾಡಿತು.

ಇನ್ನು ಯಾವುದು "ಹವಾಮಾನ ಯೋಜನೆ" ಎಂದು ನಿರ್ಧರಿಸುವವರು ಯಾರು? ಕೊಡುವ ದೇಶವೇ. 2023ರಲ್ಲಿ ರಾಯ್ಟರ್ಸ್ ಸುದ್ದಿಸಂಸ್ಥೆ ಈ ಪಟ್ಟಿಗಳನ್ನು ಕೆದಕಿತು. ಏಷ್ಯಾದಲ್ಲಿ ಚಾಕೊಲೇಟ್ ಮತ್ತು ಐಸ್‌ಕ್ರೀಂ ಅಂಗಡಿ ತೆರೆಯಲು ಇಟಲಿ ಕೊಟ್ಟ ಹಣ ಅದರಲ್ಲಿತ್ತು. ಹೈಟಿಯಲ್ಲಿ ಕಡಲತೀರದ ಹೋಟೆಲ್ ವಿಸ್ತರಣೆಗೆ ಅಮೆರಿಕ ಕೊಟ್ಟ ಸಾಲ, ಅರ್ಜೆಂಟೀನಾದ ಕಾಡಿನಲ್ಲಿ ನಡೆಯುವ ಪ್ರೇಮಕಥೆಯ ಸಿನಿಮಾಕ್ಕೆ ಬೆಲ್ಜಿಯಂ ಕೊಟ್ಟ ಬೆಂಬಲ ಕೂಡ ಇದ್ದವು. ಬಾಂಗ್ಲಾದೇಶದಲ್ಲಿ ಜಪಾನ್ ಹಣ ಹಾಕಿದ ಹೊಸ ಕಲ್ಲಿದ್ದಲು ವಿದ್ಯುತ್ ಸ್ಥಾವರವೂ ಪಟ್ಟಿಯಲ್ಲಿತ್ತು. ಇವು ನಿಯಮ ಮುರಿದು ಸೇರಿಸಿದವಲ್ಲ. ಮುರಿಯಲು ನಿಯಮವೇ ಇರಲಿಲ್ಲ. ನನಗೆ ಹೆಚ್ಚು ಸಿಟ್ಟು ಬರುವುದು ಈ ಕಾರಣಕ್ಕೆ.

ಹಾಗಂತ ಸಾಲ ಎಂದರೆ ಮೋಸ ಎಂದು ಹೇಳಿದರೂ ತಪ್ಪಾಗುತ್ತದೆ. ನಮ್ಮ ಮೆಟ್ರೊ ನೋಡಿ. ಬೆಂಗಳೂರಿನ ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಮಾರ್ಗಕ್ಕೆ ಐರೋಪ್ಯ ಹೂಡಿಕೆ ಬ್ಯಾಂಕ್ 50 ಕೋಟಿ ಯೂರೊ ಸಾಲ ಕೊಟ್ಟಿತು. ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕೂ ಅದೇ ಮಾರ್ಗಕ್ಕೆ ಸಾಲ ಕೊಟ್ಟಿದೆ. ಟಿಕೆಟ್ ದುಡ್ಡು ಬರುತ್ತದೆ, ಸಾಲ ದೀರ್ಘಾವಧಿಯದ್ದು, ಇಲ್ಲಿನ ಬ್ಯಾಂಕುಗಳಿಗಿಂತ ಬಡ್ಡಿ ಕಡಿಮೆ. ಕಾರು, ಬೈಕುಗಳ ಹೊಗೆ ತಗ್ಗುವುದಂತೂ ಲಾಭವೇ. ಆದಾಯ ತರುವ ಕೆಲಸಕ್ಕೆ ಅಗ್ಗದ ಸಾಲ ಒಳ್ಳೆಯದು. ಭಾರತಕ್ಕೆ ಬರುವ ಹವಾಮಾನ ಹಣದಲ್ಲಿ ದೊಡ್ಡ ಭಾಗ ಜಪಾನಿನಂಥ ದೇಶಗಳು ರೈಲು, ಮೆಟ್ರೊಗೆ ಕೊಡುವ ಇಂಥ ಸಾಲವೇ. ಆದರೆ ನಾವು ಬಡ್ಡಿಸಮೇತ ತೀರಿಸುವ ಹಣವನ್ನು "ನೆರವು" ಎಂದು ಪೂರ್ತಿಯಾಗಿ ಬರೆದುಕೊಳ್ಳುವುದು ನ್ಯಾಯವಲ್ಲ.

ಸಾಲದ ಬಡ್ಡಿ ಯಾಕೆ ಇಷ್ಟು ಮುಖ್ಯ? ಕಲ್ಲಿದ್ದಲು ಸ್ಥಾವರದಲ್ಲಿ ಖರ್ಚು ವರ್ಷ ವರ್ಷ ಹರಡಿರುತ್ತದೆ, ಇಂಧನ ಕೊಳ್ಳುತ್ತಲೇ ಇರಬೇಕು. ಸೋಲಾರ್‌ನಲ್ಲಿ ಬಿಸಿಲು ಬಿಟ್ಟಿ, ಆದರೆ ಖರ್ಚೆಲ್ಲ ಮೊದಲೇ. ಅಂದರೆ ಸೋಲಾರ್ ವಿದ್ಯುತ್ತಿನ ಬೆಲೆ ಬಹುಪಾಲು ಬಡ್ಡಿ ದರದ ಮೇಲೆ ನಿಂತಿದೆ. 20 ವರ್ಷದ ಅವಧಿಗೆ ಒಂದು ಕೋಟಿ ಸಾಲ ಮಾಡಿದಿರಿ ಎನ್ನಿ. ಶೇ. 4 ಬಡ್ಡಿಯಾದರೆ ವರ್ಷಕ್ಕೊಂದು ಸಮ ಕಂತಿನಂತೆ ಒಟ್ಟು ಕಟ್ಟುವುದು ಸುಮಾರು 1.47 ಕೋಟಿ. ಶೇ. 12 ಆದರೆ 2.68 ಕೋಟಿ. ಅದೇ ಫಲಕ, ಅದೇ ಬಿಸಿಲು. ಜರ್ಮನಿಗೆ ಸಿಗುವ ದರದಲ್ಲಿ ಜಾಂಬಿಯಾಕ್ಕೆ ಸಾಲ ಸಿಗುವುದಿಲ್ಲ. ಜೊತೆಗೆ ಸಾಲ ಡಾಲರಿನಲ್ಲಿ, ಆದಾಯ ಸ್ಥಳೀಯ ಕರೆನ್ಸಿಯಲ್ಲಿ. ಕರೆನ್ಸಿ ಬಿದ್ದರೆ ಆ ಹೊರೆಯೂ ಬಡ ದೇಶದ ತಲೆಗೇ.

ದಕ್ಷಿಣ ಆಫ್ರಿಕಾದ ಕೊಮಾಟಿ ವಿದ್ಯುತ್ ಸ್ಥಾವರದಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಎಂಪುಮಲಾಂಗಾ ಪ್ರಾಂತ್ಯದ ಈ ಹಳೆಯ ಕಲ್ಲಿದ್ದಲು ಸ್ಥಾವರವನ್ನು 2022ರ ಅಕ್ಟೋಬರಿನಲ್ಲಿ ಮುಚ್ಚಿದರು. ಆ ಜಾಗದಲ್ಲಿ ಸೋಲಾರ್, ಗಾಳಿಯಂತ್ರ, ಬ್ಯಾಟರಿ ತರುವುದು, ಕೆಲಸಗಾರರಿಗೆ ಹೊಸ ತರಬೇತಿ ಕೊಡುವುದು ಯೋಜನೆ. ವಿಶ್ವಬ್ಯಾಂಕಿನ ಮೂಲಕ 497 ಮಿಲಿಯನ್ ಡಾಲರ್ (ಒಂದು ಮಿಲಿಯನ್ ಅಂದರೆ 10 ಲಕ್ಷ) ಮಂಜೂರಾಯಿತು. ಅದರಲ್ಲಿ ಅನುದಾನ 10 ಮಿಲಿಯನ್. ಉಳಿದದ್ದು ಸಾಲ. ಆದರೆ ಕೆಲಸ ಹೋದ ಗಣಿ ಊರಿನವರಿಗೆ ತರಬೇತಿ ಕೊಡುವುದರಿಂದ ಸರ್ಕಾರಕ್ಕೆ ಆದಾಯವೇನೂ ಬರುವುದಿಲ್ಲ. ಚಹಾ ಅಂಗಡಿಯಿಂದ ಬಾಡಿಗೆ ಮನೆಯವರೆಗೆ ಇಡೀ ಊರು ಆ ಸ್ಥಾವರವನ್ನೇ ನೆಚ್ಚಿಕೊಂಡಿದ್ದಾಗ, ಅದನ್ನು ಮುಚ್ಚುವ ಖರ್ಚನ್ನೂ ಸಾಲ ಮಾಡಿಯೇ ಭರಿಸಿ ಎಂದರೆ ಬೇರೆ ದೇಶಗಳು ಧೈರ್ಯ ಮಾಡುವುದಾದರೂ ಹೇಗೆ?

ಹೊಂದಾಣಿಕೆಯ ವಿಷಯಕ್ಕೆ ಬಂದರೆ ಸಾಲದ ದಾರಿ ಪೂರ್ತಿ ಮುಚ್ಚಿಹೋಗುತ್ತದೆ. ತಡೆಗೋಡೆ ಟಿಕೆಟ್ ಮಾರುವುದಿಲ್ಲ. ಖಾಸಗಿ ಹೂಡಿಕೆದಾರ ಅದರ ಹತ್ತಿರ ಸುಳಿಯುವುದಿಲ್ಲ. ಪೆಸಿಫಿಕ್ ಸಾಗರದ ಟುವಾಲು ದೇಶದಲ್ಲಿ ಹನ್ನೊಂದು ಸಾವಿರದ ಆಸುಪಾಸು ಜನ. ಬಹುಪಾಲು ನೆಲ ಸಮುದ್ರಮಟ್ಟಕ್ಕಿಂತ ಮೂರು ಮೀಟರ್ ಕೂಡ ಎತ್ತರವಿಲ್ಲ. ಅಲ್ಲಿನ ರಾಜಧಾನಿ ಫುನಾಫುಟಿಯಲ್ಲಿ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ ನಿಧಿಯಾದ ಗ್ರೀನ್ ಕ್ಲೈಮೇಟ್ ಫಂಡ್ 36 ಮಿಲಿಯನ್ ಡಾಲರ್ ಅನುದಾನ ಕೊಟ್ಟ ಯೋಜನೆಯಲ್ಲಿ ಸಮುದ್ರದಿಂದ ಮರಳು ಎತ್ತಿ 7 ಹೆಕ್ಟೇರಿಗೂ ಜಾಸ್ತಿ ಎತ್ತರದ ನೆಲ ನಿರ್ಮಿಸಿದರು. ಅನುದಾನ ಬಂದರೆ ಆಗುವ ಕೆಲಸ ಇಂಥದ್ದು. ಸಾಲವಾಗಿದ್ದರೆ ಟುವಾಲು ಅದನ್ನು ಯಾವ ಆದಾಯದಿಂದ ತೀರಿಸಬೇಕಿತ್ತು?

ಆದರೂ ಹೊಂದಾಣಿಕೆಗೆ ಬರುವ ಹಣ ಚಿಲ್ಲರೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2025ರ ವರದಿ ಪ್ರಕಾರ 2023ರಲ್ಲಿ ಸಿಕ್ಕಿದ್ದು 26 ಬಿಲಿಯನ್ ಡಾಲರ್, ಹಿಂದಿನ ವರ್ಷಕ್ಕಿಂತ ಕಡಿಮೆ. 2035ರ ಹೊತ್ತಿಗೆ ವರ್ಷಕ್ಕೆ ಬೇಕಾಗುವುದು 310ರಿಂದ 365 ಬಿಲಿಯನ್. ಸಿಗುವ ಹಣಕ್ಕಾಗಿಯೂ ಸಣ್ಣ ದೇಶಗಳು ವರ್ಷಗಟ್ಟಲೆ ಕಾಗದಪತ್ರ ತಿದ್ದಬೇಕು. ಗ್ರೀನ್ ಕ್ಲೈಮೇಟ್ ಫಂಡಿನಿಂದ ನೇರವಾಗಿ ಹಣ ಪಡೆಯಲು ಮೊದಲು ಮಾನ್ಯತೆ ಬೇಕು. ಭಾರತದಲ್ಲಿ ನಬಾರ್ಡ್‌ನಂಥ ದೊಡ್ಡ ಸಂಸ್ಥೆ ಇತ್ತು, 2015ರಲ್ಲೇ ಮಾನ್ಯತೆ ಸಿಕ್ಕಿತು. ಎಲ್ಲ ದೇಶಕ್ಕೂ ಒಂದು ನಬಾರ್ಡ್ ಇರುವುದಿಲ್ಲ.

ಕಾರ್ಬನ್ ಮಾರುಕಟ್ಟೆಯ ದಾರಿಯೂ ಇದೆ: ಇಲ್ಲಿ ತಗ್ಗಿಸಿದ ಹೊಗೆಗೆ ಕ್ರೆಡಿಟ್ ಪಡೆದು ಬೇರೆಯವರಿಗೆ ಮಾರುವುದು. ಅದರ ಅನುಭವ ನಮ್ಮ ಬಾಗೇಪಲ್ಲಿಯಲ್ಲೇ ಸಿಗುತ್ತದೆ. ಶ್ರೀಮಂತ ದೇಶಗಳ ಹೊಗೆಗೆ ಮಿತಿ ಹಾಕಿದ ಕ್ಯೋಟೊ ಒಪ್ಪಂದದ ಕಾಲದಲ್ಲಿ ಅಲ್ಲಿನ ಕೂಲಿ ಸಂಘ ಬಡ ಕುಟುಂಬಗಳಿಗಾಗಿ ಗೋಬರ್ ಗ್ಯಾಸ್ ಯೋಜನೆಯೊಂದನ್ನು ವಿಶ್ವಸಂಸ್ಥೆಯ ವ್ಯವಸ್ಥೆಯಲ್ಲಿ ನೋಂದಾಯಿಸಿತು. ಸೌದೆ, ಸೀಮೆಎಣ್ಣೆ ಉಳಿದಷ್ಟೂ ಕಾರ್ಬನ್ ಕ್ರೆಡಿಟ್, ಆ ಕ್ರೆಡಿಟ್ ಮಾರಿ ಬಂದ ಹಣದಿಂದ ಸ್ಥಾವರಗಳ ಖರ್ಚು. ಹೆಂಗಸರಿಗೆ ಹೊಗೆ ತಪ್ಪಿತು, ಸೌದೆ ಹೊರುವುದು ತಪ್ಪಿತು. ಇದಕ್ಕಿಂತ ಒಳ್ಳೆಯ ಹವಾಮಾನ ಕೆಲಸ ಬೇರೆ ಬೇಕೇ? ಆದರೆ ಮಾರುಕಟ್ಟೆ ಒಂದೇ ರೀತಿ ಇರಲಿಲ್ಲ. 2008ರಲ್ಲಿ ಒಂದು ಟನ್ನಿಗೆ 20 ಯೂರೊ ಮುಟ್ಟಿದ್ದ ಇಂಥ ಕ್ರೆಡಿಟ್‌ಗಳ ಬೆಲೆ 2012ರ ಕೊನೆಗೆ ಒಂದು ಯೂರೊಗಿಂತ ಕೆಳಗೆ ಬಿತ್ತು. ಒಲೆ ಅದೇ, ಗೊಬ್ಬರ ಅದೇ, ಯುರೋಪಿನಲ್ಲಿ ಬೇಡಿಕೆ ಇಲ್ಲ. ಮತ್ತೊಂದು ವಿಷಯ: ಕ್ರೆಡಿಟ್ ಕೊಂಡವರು ಅಷ್ಟು ಹೊಗೆಯನ್ನು ತಮ್ಮ ಊರಿನಲ್ಲಿ ಬಿಡುವ ಹಕ್ಕನ್ನೂ ಕೊಂಡಿರುತ್ತಾರೆ. ಹಾಗಾಗಿ ಅದು ಕೊಡುಗೆಯಲ್ಲ, ವ್ಯಾಪಾರ.

ಇಷ್ಟೆಲ್ಲ ಹಿನ್ನೆಲೆಯಲ್ಲಿ 2024ರ ನವೆಂಬರಿನಲ್ಲಿ ಅಜರ್‌ಬೈಜಾನಿನ ಬಾಕುವಿನಲ್ಲಿ ನಡೆದ ಹವಾಮಾನ ಸಮ್ಮೇಳನದಲ್ಲಿ ಹೊಸ ಗುರಿ ನಿಗದಿಯಾಗಬೇಕಿತ್ತು. ಅಭಿವೃದ್ಧಿಶೀಲ ದೇಶಗಳು ಕೇಳಿದ್ದು ವರ್ಷಕ್ಕೆ 1,300 ಬಿಲಿಯನ್. ಸಮ್ಮೇಳನದ ಅವಧಿ ಮುಗಿದು, ನಡುರಾತ್ರಿ ದಾಟಿ, ಭಾನುವಾರದ ಬೆಳಗಿನ ಜಾವ ಸಭೆಯ ಅಧ್ಯಕ್ಷ ಮುಖ್ತಾರ್ ಬಾಬಾಯೆವ್ ಸುತ್ತಿಗೆ ಕುಟ್ಟಿದರು. ಒಪ್ಪಿಕೊಂಡ ಸಂಖ್ಯೆ 2035ರ ಹೊತ್ತಿಗೆ ವರ್ಷಕ್ಕೆ ಕನಿಷ್ಠ 300 ಬಿಲಿಯನ್. 1,300 ಎಂಬುದು ಎಲ್ಲರೂ, ಎಲ್ಲ ಮೂಲಗಳಿಂದ ಪ್ರಯತ್ನಿಸಬೇಕಾದ ಆಶಯವಾಗಿ ಉಳಿಯಿತು. ನಿರ್ಣಯ ಅಂಗೀಕಾರವಾಯಿತು ಎಂದು ಘೋಷಿಸಿದ ಮೇಲೆಯೇ ಭಾರತದ ಪ್ರತಿನಿಧಿ ಚಾಂದನಿ ರೈನಾ ಅವರಿಗೆ ಮೈಕ್ ಸಿಕ್ಕಿದ್ದು. ಈ ದಾಖಲೆ ಬರೀ ಕಣ್ಕಟ್ಟು, ಭಾರತ ಇದನ್ನು ವಿರೋಧಿಸುತ್ತದೆ ಎಂದು ಅವರು ನೇರವಾಗಿ ಹೇಳಿದರು. ನೈಜೀರಿಯಾ, ಬೊಲಿವಿಯಾ ದನಿಗೂಡಿಸಿದವು. ಸಭೆಯಲ್ಲಿ ಚಪ್ಪಾಳೆ ಬಿತ್ತು, ಆದರೆ ನಿರ್ಣಯ ಬದಲಾಗಲಿಲ್ಲ.

ಮೂರು ಪಟ್ಟು ಜಾಸ್ತಿಯಾಯಿತಲ್ಲ ಎಂದು ಅನ್ನಿಸಬಹುದು. ಬೆಲೆ ಏರಿಕೆ ಲೆಕ್ಕ ಹಿಡಿಯಿರಿ. ವರ್ಷಕ್ಕೆ ಶೇ. 3 ಎಂದುಕೊಂಡರೂ 2035ರ 300 ಬಿಲಿಯನ್, 2009ರ ಬೆಲೆಯಲ್ಲಿ ಸುಮಾರು 139 ಬಿಲಿಯನ್. ಜೊತೆಗೆ ಅಭಿವೃದ್ಧಿ ಬ್ಯಾಂಕುಗಳು ಬಡ ದೇಶಗಳಿಗೆ ಕೊಡುವ ಹವಾಮಾನ ಸಾಲವೂ ಇದರಲ್ಲೇ ಸೇರಬಹುದು. ಆ ಬ್ಯಾಂಕುಗಳಲ್ಲಿ ಭಾರತ, ಚೀನಾದ ಬಂಡವಾಳವೂ ಇದೆ. ಸಾಲ ಎಷ್ಟಿರಬಹುದು, ಅನುದಾನ ಎಷ್ಟಿರಬೇಕು ಎಂಬ ಮಿತಿ ಈ ಸಲವೂ ಹಾಕಲಿಲ್ಲ.

ಶ್ರೀಮಂತ ದೇಶಗಳ ಒಂದು ವಾದದಲ್ಲಿ ಹುರುಳಿದೆ, ಅದನ್ನೂ ಹೇಳಬೇಕು. ಕೊಡುವವರ ಪಟ್ಟಿ 1992ರದ್ದು. ಕೊಲ್ಲಿಯ ಎಣ್ಣೆ ದೇಶಗಳು, ಸಿಂಗಪುರ, ದಕ್ಷಿಣ ಕೊರಿಯಾ ಅದರಲ್ಲಿಲ್ಲ. ಚೀನಾ ಈಗ ಜಗತ್ತಿನಲ್ಲೇ ಅತಿ ಹೆಚ್ಚು ಹೊಗೆ ಬಿಡುವ ದೇಶ. ತಾನು 2016ರಿಂದ ಬೇರೆ ದೇಶಗಳಿಗೆ 177 ಬಿಲಿಯನ್ ಯುವಾನ್ ಒದಗಿಸಿದ್ದೇನೆ ಎಂದು ಚೀನಾ ಬಾಕುವಿನಲ್ಲಿ ಹೇಳಿಕೊಂಡಿತು, ಆದರೆ ಅದು ಕಡ್ಡಾಯವಲ್ಲ, ಸ್ವಇಚ್ಛೆ ಎಂಬ ನಿಲುವು ಬಿಡಲಿಲ್ಲ. ಪಟ್ಟಿ ಬೆಳೆಯಲಿ, ಒಳ್ಳೆಯದೇ. ಆದರೆ ಹಳೆಯ ಪಟ್ಟಿಯವರು ಹಳೆಯ ಬಾಕಿ ಉಳಿಸಿಕೊಂಡು ಹೊಸಬರತ್ತ ಬೆರಳು ತೋರಿಸಿದರೆ ಯಾರು ಕೇಳುತ್ತಾರೆ? ಅಮೆರಿಕ 2014ರಲ್ಲಿ ಗ್ರೀನ್ ಕ್ಲೈಮೇಟ್ ಫಂಡಿಗೆ 3 ಬಿಲಿಯನ್ ಕೊಡುತ್ತೇನೆ ಎಂದಿತ್ತು. ಒಬಾಮ ಕಾಲದಲ್ಲಿ 1 ಬಿಲಿಯನ್, ಬೈಡನ್ ಕಾಲದಲ್ಲಿ ಇನ್ನೊಂದು ಬಂತು. 2025ರಲ್ಲಿ ಟ್ರಂಪ್ ಸರ್ಕಾರ ಬಾಕಿ ಭರವಸೆಯನ್ನೇ ರದ್ದು ಮಾಡಿತು.

ನಷ್ಟ ಪರಿಹಾರದ ನಿಧಿ ಹುಟ್ಟಿದ್ದು 2022ರಲ್ಲಿ, ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ. ಪಾಕಿಸ್ತಾನದ ಪ್ರವಾಹ ಆಗಿನ್ನೂ ಎಲ್ಲರ ಕಣ್ಣಮುಂದೆ ಇತ್ತು, ಅಭಿವೃದ್ಧಿಶೀಲ ದೇಶಗಳ ಜಿ-77 ಗುಂಪಿನ ಅಧ್ಯಕ್ಷತೆಯೂ ಆ ವರ್ಷ ಪಾಕಿಸ್ತಾನದ್ದೇ. ಮರುವರ್ಷ ದುಬೈನಲ್ಲಿ ಯುಎಇ ಮತ್ತು ಜರ್ಮನಿ ತಲಾ 100 ಮಿಲಿಯನ್ ಡಾಲರ್ ಘೋಷಿಸಿದವು. ಅಮೆರಿಕ 17.5 ಮಿಲಿಯನ್. ಎಲ್ಲರ ಭರವಸೆ ಕೂಡಿಸಿದರೂ ನಿಧಿ ಒಂದು ಬಿಲಿಯನ್ ಮುಟ್ಟಿಲ್ಲ. 2025ರ ಅಕ್ಟೋಬರಿನಲ್ಲಿ ಮೆಲಿಸಾ ಚಂಡಮಾರುತ ಒಂದೇ ಹೊಡೆತಕ್ಕೆ ಜಮೈಕಾದಲ್ಲಿ ಮಾಡಿದ ಹಾನಿ ಸುಮಾರು 8.8 ಬಿಲಿಯನ್ ಡಾಲರ್ ಎಂಬ ಅಂದಾಜಿದೆ.

ಈಗ ಎರಡು ಕಡೆ ಕಣ್ಣಿಡಬೇಕು. 2025ರ ಜುಲೈ 23ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, ವನುವಾಟು ಎಂಬ ಪುಟ್ಟ ದ್ವೀಪರಾಷ್ಟ್ರ ಮುಂದಾಳತ್ವ ವಹಿಸಿ ಎತ್ತಿದ ಪ್ರಶ್ನೆಗೆ ಸಲಹಾ ಅಭಿಪ್ರಾಯ ಕೊಟ್ಟಿತು. ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ, ಅದನ್ನು ಮುರಿದರೆ ಪರಿಹಾರ ಕೊಡಬೇಕಾದ ಸಂದರ್ಭವೂ ಬರಬಹುದು ಎಂದಿತು. ಸಲಹೆಯಷ್ಟೇ, ಆದೇಶವಲ್ಲ. ಆದರೆ ಇನ್ನು ಮುಂದೆ ಬಡ ದೇಶಗಳ ವಕೀಲರ ಕೈಯಲ್ಲಿ ಇದು ಇರುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ಬ್ರೆಜಿಲಿನ ಬೆಲೆಂ ಸಮ್ಮೇಳನ, ಹೊಂದಾಣಿಕೆಯ ಹಣವನ್ನು 2035ರ ಹೊತ್ತಿಗೆ ಕನಿಷ್ಠ ಮೂರು ಪಟ್ಟು ಮಾಡಲು ಪ್ರಯತ್ನಿಸಿ ಎಂದು ಕರೆ ಕೊಟ್ಟಿತು. ಯಾವ ವರ್ಷದ ಯಾವ ಮೊತ್ತದ ಮೂರು ಪಟ್ಟು ಎಂದು ಸ್ಪಷ್ಟವಾಗಿ ಬರೆದಿಲ್ಲ. 2009ರಲ್ಲಿ ಆದ ಎಡವಟ್ಟೇ ಇದು. ಮುಂದಿನ ಸಮ್ಮೇಳನಗಳಲ್ಲಿ ಭಾರತ ಮತ್ತು ಜೊತೆಗಾರ ದೇಶಗಳು ಮೊದಲು ಪಟ್ಟು ಹಿಡಿಯಬೇಕಾದದ್ದು ಆ ಒಂದು ಸಾಲಿಗೆ: ಎಣಿಕೆ ಎಲ್ಲಿಂದ ಶುರು, ಅದರಲ್ಲಿ ಅನುದಾನ ಎಷ್ಟು.